ಚಿಕ್ಕ ಮಕ್ಕಳಿಗೆ ಒಂದು ವರ್ಷದ ವಿಜ್ಞಾನ: ಪಾಠ ಯೋಜಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

6ರಿಂದ 9 ವರ್ಷದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವರಿಗಾಗಿ ಇದನ್ನು ಬರೆದಿದ್ದೇನೆ. ನೀವು ಶಾಲೆಯಲ್ಲಿ ಕಲಿಸುವವರಿರಬಹುದು, ಮನೆಯಲ್ಲೇ ನಿಮ್ಮ ಮಕ್ಕಳನ್ನು ಕೂರಿಸಿಕೊಂಡು ಕಲಿಸುವವರಿರಬಹುದು. ವರ್ಷ ಶುರುವಾಗುವ ಮುಂಚೆ ಹೊಸ ಟೀಚರ್‌ಗಳು ನನ್ನ ಹತ್ತಿರ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಮೊದಲಿಂದ ಕೊನೆತನಕ ಓದಲೇಬೇಕು ಅಂತಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ. ಮೊದಲನೇ ಪ್ರಶ್ನೆ ಮಾತ್ರ ಬಿಡಬೇಡಿ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ವರ್ಷದ ಪ್ಲಾನ್ ಎಲ್ಲಿಂದ ಶುರು ಮಾಡಲಿ?

ಪುಸ್ತಕದ ಪರಿವಿಡಿಯಿಂದ ಬೇಡ. ಕ್ಯಾಲೆಂಡರ್‌ನಿಂದ ಶುರು ಮಾಡಿ.

ಸಾಮಾನ್ಯವಾಗಿ ನಾವು ಮಾಡುವುದೇನು? ಒಟ್ಟು ಎಷ್ಟು ಪಾಠ ಇದೆ ಅಂತ ಎಣಿಸಿ, ಇರುವ ತಿಂಗಳುಗಳಿಗೆ ಹಂಚಿಬಿಡುತ್ತೇವೆ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಚಿಕ್ಕ ಮಕ್ಕಳ ವಿಜ್ಞಾನದಲ್ಲಿ ಬರುವ ದೊಡ್ಡ ದೊಡ್ಡ ಸಂಗತಿಗಳೆಲ್ಲ ತಮ್ಮದೇ ಹೊತ್ತು ತೆಗೆದುಕೊಳ್ಳುತ್ತವೆ. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಬೀನ್ಸ್ ಬೀಜ ನೆಟ್ಟು, ಗಿಡವಾಗಿ, ಹೂಬಿಟ್ಟು, ಕಾಯಿ ಬಲಿತು ಒಣಗಿ, ಮತ್ತೆ ಬೀಜ ಮಕ್ಕಳ ಕೈಗೆ ಬರಬೇಕಾದರೆ ಮೂರು ತಿಂಗಳಾದರೂ ಬೇಕು, ಒಮ್ಮೊಮ್ಮೆ ನಾಲ್ಕಾಗುತ್ತದೆ. ಕಿಟಕಿಯಾಚೆಯ ಮರ ಚಿಗುರಿ, ಹೂ ಬಿಟ್ಟು, ಎಲೆ ಉದುರಿಸಲು ಪೂರ್ತಿ ಒಂದು ವರ್ಷ. ಇದನ್ನೆಲ್ಲ ಒಂದೊಂದು ವಾರದ ಪಾಠ ಅಂತ ಇಟ್ಟರೆ ಮಕ್ಕಳಿಗೆ ಸಿಗುವುದು ಪುಸ್ತಕದ ಚಿತ್ರ ಮಾತ್ರ.

ಅದಕ್ಕೇ ಮೊದಲು ಒಂದು ಹಾಳೆ ತೆಗೆದುಕೊಂಡು, ತಮ್ಮ ಪಾಡಿಗೆ ನಿಧಾನವಾಗಿ ನಡೆಯುವ ಸಂಗತಿಗಳನ್ನು ಬರೆದುಕೊಳ್ಳಿ. ನನ್ನ ಹಾಳೆಯಲ್ಲಿ ಪ್ರತಿ ವರ್ಷ ಐದು ಇರುತ್ತವೆ: ಒಂದು ಮರ, ಚಂದ್ರ, ಒಂದು ಕೋಲಿನ ನೆರಳು, ದಿನದಿನದ ಹವೆ, ಮಣ್ಣಲ್ಲಿ ಹೂತಿಟ್ಟ ಕಸ. ಐದನ್ನೂ ಮೊದಲ ತಿಂಗಳಲ್ಲೇ ಶುರು ಮಾಡುತ್ತೇನೆ. ಪಾಠ ಮಾಡುವುದಿಲ್ಲ, ಸುಮ್ನೆ ನೋಡಲು ಶುರು ಮಾಡುತ್ತೇವೆ ಅಷ್ಟೇ. ವಿವರಣೆ ಬರುವುದು ಎಷ್ಟೋ ತಿಂಗಳು ಆಮೇಲೆ. ಅಷ್ಟರಲ್ಲಿ ಮಕ್ಕಳ ಹತ್ತಿರ ತಾವೇ ಕಣ್ಣಾರೆ ನೋಡಿ ಗುರುತು ಹಾಕಿದ್ದು ರಾಶಿ ಇರುತ್ತದೆ, ನೀವು ಹೇಳುವ ಮಾತಿಗೆ ಅಂಟಿಕೊಳ್ಳಲು ಒಂದು ಜಾಗ ಇರುತ್ತದೆ. ಉಳಿದ ಪಾಠಗಳನ್ನು ಈ ಐದರ ಸುತ್ತ ಜೋಡಿಸಿ.

ವರ್ಷಕ್ಕೆ ಎಷ್ಟು ವಿಷಯ ಇಟ್ಟುಕೊಳ್ಳಬಹುದು?

ಆರು. ತುಂಬಾ ಆಸೆ ಇದ್ದರೆ ಏಳು, ಅದಕ್ಕಿಂತ ಜಾಸ್ತಿ ಬೇಡ.

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 36 ವಾರ ಪಾಠ ನಡೆಯುತ್ತದೆ ಅಂದುಕೊಳ್ಳೋಣ. ಪರೀಕ್ಷೆ, ಕಾರ್ಯಕ್ರಮ, ಮಧ್ಯೆ ಮಧ್ಯೆ ಬರುವ ರಜೆ, ಅರ್ಧ ತರಗತಿಗೆ ಜ್ವರ ಬಂದ ದಿನಗಳು ಅಂತ 8 ವಾರ ಕಳೆಯಿರಿ. ಉಳಿದದ್ದು 28. ಅದರಲ್ಲಿ 4 ವಾರ ಬೇಕಂತಲೇ ಖಾಲಿ ಬಿಡಿ, ಯಾವುದೋ ಒಂದು ಪಾಠ ಬೆಳೆದು ನಿಂತೇ ನಿಲ್ಲುತ್ತದೆ. ಮಿಕ್ಕ 24 ವಾರದಲ್ಲಿ ವಿಷಯಕ್ಕೆ ನಾಲ್ಕು ವಾರದಂತೆ ಆರು ವಿಷಯ. ಈ ಲೆಕ್ಕ ಮಾಡದೆ ಹನ್ನೆರಡು ವಿಷಯ ಬರೆದುಕೊಂಡವರು ಕೊನೆಯ ಎರಡು ತಿಂಗಳು ಓಡುತ್ತಾರೆ. ಓಡುವಾಗ ಮೊದಲು ಬಿದ್ದುಹೋಗುವುದು ಪ್ರಯೋಗ, ಉಳಿಯುವುದು ಬೋರ್ಡ್ ನೋಡಿ ಬರೆದುಕೊಳ್ಳುವುದು.

ಆದರೆ ಸಿಲಬಸ್‌ನಲ್ಲಿ ಹದಿನೈದು ಪಾಠ ಇದೆಯಲ್ಲ?

ಇರಲಿ. ಹದಿನೈದನ್ನೂ ಚೀಟಿಗಳಲ್ಲಿ ಬರೆದು ಮೇಜಿನ ಮೇಲೆ ಹರಡಿ, ನಂಟು ಇರುವವುಗಳನ್ನು ಒಂದು ಕಡೆ ಸೇರಿಸುತ್ತಾ ಹೋಗಿ. ಗಿಡದ ಭಾಗಗಳು, ಬೀಜ, ಮಣ್ಣು, ಆಹಾರ ಎಲ್ಲಿಂದ ಬರುತ್ತದೆ, ಇವು ನಾಲ್ಕು ಪಾಠ ಅಲ್ಲ, ಒಂದೇ. ಗಾಳಿ, ನೀರು, ಮಳೆ, ಮಂಜುಗಡ್ಡೆ, ಘನ ದ್ರವ ಅನಿಲ, ಇವೂ ಒಂದೇ ಗುಂಪು. ಹೀಗೆ ಮಾಡಿದರೆ ಯಾವ ಪಾಠವನ್ನೂ ಬಿಟ್ಟಂತಾಗುವುದಿಲ್ಲ, ಆದರೆ ಮಕ್ಕಳಿಗೆ ಒಂದೇ ಸಂಗತಿಯ ಜೊತೆ ಒಂದು ತಿಂಗಳು ಇರಲು ಸಿಗುತ್ತದೆ.

ಯಾವುದು ಮೊದಲು, ಯಾವುದು ಆಮೇಲೆ?

ಒಂದು ವಿಷಯಕ್ಕೆ ಇನ್ನೊಂದು ಬೇಕಾಗುತ್ತದೆಯಾ ಅಂತ ನೋಡಿ. ಬೇಕಾಗುವುದು ಮೊದಲು.

ಉದಾಹರಣೆಗೆ, ಬೆಳಕು ನೇರವಾಗಿ ಸಾಗುತ್ತದೆ, ಅಡ್ಡ ಏನಾದರೂ ಬಂದರೆ ನೆರಳು ಬೀಳುತ್ತದೆ, ಕೆಲವು ವಸ್ತುಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ, ಇಷ್ಟು ಕೈಯಾರೆ ಮಾಡಿ ನೋಡದ ಮಗುವಿಗೆ ಚಂದ್ರನಿಗೆ ಸ್ವಂತ ಬೆಳಕಿಲ್ಲ ಅಂದರೆ ಅದು ಗಿಳಿಪಾಠವೇ. ಹಾಗಾಗಿ ಬೆಳಕು ಮೊದಲು, ಚಂದ್ರನ ವಿವರಣೆ ಆಮೇಲೆ. ಗಾಳಿ ಅನ್ನೋದು ಏನೂ ಇಲ್ಲದ ಖಾಲಿ ಅಲ್ಲ, ಅದೂ ಜಾಗ ಹಿಡಿಯುತ್ತದೆ ಅನ್ನುವುದು ಮೊದಲು, ಉಸಿರಾಟ ಆಮೇಲೆ. ಇದಕ್ಕೆ ಒಂದು ಲೋಟ ಸಾಕು. ಒಳಗೆ ತಳದಲ್ಲಿ ಕಾಗದ ತುರುಕಿ, ಲೋಟ ಬೋರಲು ಹಾಕಿ ನೇರವಾಗಿ ನೀರಿನೊಳಗೆ ಒತ್ತಿ, ಹಾಗೇ ನೇರವಾಗಿ ತೆಗೆಯಿರಿ. ಕಾಗದ ಒಣಗಿಯೇ ಇರುತ್ತದೆ. ಮಕ್ಕಳು ಇದನ್ನು ಹತ್ತು ಸಲ ಮಾಡುತ್ತಾರೆ, ಮಾಡಲಿ ಬಿಡಿ.

ನನ್ನ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲ ಎರಡು ಮೂರು ವಾರ ನೋಡುವುದು, ಅಳೆಯುವುದು, ಗುಂಪು ಮಾಡುವುದು. ಆಮೇಲೆ ವಸ್ತುಗಳು: ಯಾವುದು ತೇಲುತ್ತದೆ, ಯಾವುದು ಅಯಸ್ಕಾಂತಕ್ಕೆ ಅಂಟುತ್ತದೆ, ಯಾವುದು ನೀರು ಹೀರುತ್ತದೆ. ನಂತರ ನೀರು ಮತ್ತು ಗಾಳಿ. ವರ್ಷದ ನಡುವೆ ಬೆಳಕು ಮತ್ತು ಶಬ್ದ, ಅದರ ಬೆನ್ನಿಗೇ ಸೂರ್ಯ ಚಂದ್ರ ನೆರಳು. ಕೊನೆಗೆ ನಮ್ಮ ದೇಹ. ಗಿಡ ಮತ್ತು ಪ್ರಾಣಿಗಳ ಪಾಠ ಮಾತ್ರ ಈ ಸಾಲಿನಲ್ಲಿ ಇಲ್ಲ. ನಿಮ್ಮ ಕಡೆ ಯಾವ ತಿಂಗಳಲ್ಲಿ ಚಿಗುರು, ಹುಳು, ಚಿಟ್ಟೆ ಜಾಸ್ತಿ ಸಿಗುತ್ತವೋ ಆ ತಿಂಗಳಿಗೆ ಅದನ್ನು ಇಡಿ, ಉಳಿದವು ಅತ್ತಿತ್ತ ಸರಿಯಲಿ.

ವಾರಕ್ಕೆ ಎಷ್ಟು ಹೊತ್ತು ಬೇಕು?

ನಲವತ್ತು ನಿಮಿಷದ ಎರಡು ಪೀರಿಯಡ್ ಸಿಕ್ಕರೆ ಸಾಕು, ಒಂದರ ಹಿಂದೆ ಒಂದು ಸಿಕ್ಕರೆ ಇನ್ನೂ ಒಳ್ಳೆಯದು. ಅದರ ಜೊತೆಗೆ ದಿನಾ ಐದು ನಿಮಿಷ, ಬೆಳಗ್ಗೆ ಬಂದ ತಕ್ಷಣ, ಹೊರಗೆ ಹೋಗಿ ಆಕಾಶ ಮತ್ತು ಮರ ನೋಡಿ ಬರುವುದು. ಈ ಐದು ನಿಮಿಷವನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ಒಂದು ವಾರ ಪೀರಿಯಡ್ ತಪ್ಪಿದರೆ ಸುಧಾರಿಸಬಹುದು. ಚಂದ್ರನನ್ನು ಒಂದು ವಾರ ನೋಡದಿದ್ದರೆ ಬಿದಿಗೆಯ ಗೆರೆ ಹೋಗಿ ಅರ್ಧ ಚಂದ್ರ ಬಂದಿರುತ್ತದೆ, ನಡುವಿನದು ಕೈತಪ್ಪಿ ಹೋಯಿತು.

ಒಂದು ಪಾಠ ಒಳಗಿಂದ ಹೇಗಿರಬೇಕು?

ಮಕ್ಕಳು ಮೊದಲು ಊಹೆ ಹೇಳಬೇಕು, ಆಮೇಲೆ ಮಾಡಬೇಕು, ನೋಡಿದ್ದನ್ನು ಮಾತಾಡಬೇಕು, ಪಾರಿಭಾಷಿಕ ಹೆಸರು ಎಲ್ಲಕ್ಕಿಂತ ಕೊನೆಗೆ. 1980ರ ದಶಕದಲ್ಲಿ ಅಮೆರಿಕದ ಶಿಕ್ಷಣತಜ್ಞ ರಾಜರ್ ಬೈಬಿ ಮತ್ತು ಅವರ ಜೊತೆಗಾರರು ಇದನ್ನೇ ಐದು ಹಂತ ಮಾಡಿ ಕೊಟ್ಟರು: ಕುತೂಹಲ ಹುಟ್ಟಿಸು, ಕೈಯಾಡಿಸಲು ಬಿಡು, ವಿವರಿಸು, ಬೇರೆ ಕಡೆ ಬಳಸಲು ಹೇಳು, ಎಷ್ಟು ತಿಳಿಯಿತು ನೋಡು. ಇಂದಿಗೂ ಬಹಳ ದೇಶಗಳ ಟೀಚರ್‌ಗಳು ಇದನ್ನು ಬಳಸುತ್ತಾರೆ. ನಿಮ್ಮ ಲೆಸನ್ ಪ್ಲಾನ್ ಈ ಕ್ರಮದಲ್ಲಿ ಇದ್ದರೆ ಬೇರೆ ಏನೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಒಂದು ಪಾಠ ಹೇಳುತ್ತೇನೆ. ಒಂದೇ ಅಳತೆಯ ಎರಡು ಮಂಜುಗಡ್ಡೆ. ಒಂದನ್ನು ತಟ್ಟೆಯಲ್ಲಿ ಹಾಗೇ ಇಟ್ಟೆ. ಇನ್ನೊಂದನ್ನು ಒಬ್ಬ ಹುಡುಗನ ಸ್ವೆಟರ್‌ನಲ್ಲಿ ಚೆನ್ನಾಗಿ ಸುತ್ತಿದೆ. ಯಾವುದು ಮೊದಲು ಕರಗುತ್ತದೆ? ಇಡೀ ತರಗತಿ ಒಂದೇ ದನಿಯಲ್ಲಿ ‘ಸ್ವೆಟರ್‌ದು!’ ಅಂದಿತು. ಸ್ವೆಟರ್ ಬಿಸಿ ಕೊಡುತ್ತದಲ್ವಾ ಟೀಚರ್, ಅದಕ್ಕೆ. ನಾನು ಹೌದು ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಅರ್ಧ ಗಂಟೆ ಬೇರೆ ಕೆಲಸ ಮಾಡಿದೆವು. ಸ್ವೆಟರ್ ಬಿಚ್ಚಿದಾಗ ಒಳಗೆ ಗಡ್ಡೆ ಇನ್ನೂ ದಪ್ಪಗೆ ಕೂತಿತ್ತು, ತಟ್ಟೆಯಲ್ಲಿ ಬೆರಳುಗುರಿನಷ್ಟು ಚೂರು ನೀರಲ್ಲಿ ತೇಲುತ್ತಿತ್ತು. ಸ್ವೆಟರ್ ಕೊಟ್ಟ ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಹಂಗಾದ್ರೆ ಇದು ತಣ್ಣಗೆ ಮಾಡುತ್ತಾ?’ ಅಂತ ಕೇಳಿದ. ಆ ಪ್ರಶ್ನೆಯಿಂದ ಮುಂದಿನ ಎರಡು ಪೀರಿಯಡ್ ನಡೆದವು. ಸ್ವೆಟರ್ ಬಿಸಿ ಕೊಡುವುದೂ ಇಲ್ಲ, ತಣ್ಣಗೆ ಮಾಡುವುದೂ ಇಲ್ಲ, ಶಾಖ ಸಲೀಸಾಗಿ ಆಚೆ ಈಚೆ ಹೋಗದಂತೆ ತಡೆಯುತ್ತದೆ ಅಷ್ಟೇ. ಈ ಮಾತನ್ನು ಅವರೇ ತಮ್ಮ ಭಾಷೆಯಲ್ಲಿ ಹೇಳಿದರು: ‘ಬಿಸಿನ ಒಳಗೂ ಬಿಡಲ್ಲ, ಹೊರಗೂ ಬಿಡಲ್ಲ.’ ಉಷ್ಣ ನಿರೋಧಕ ಅನ್ನುವ ಪದ ನಾನು ಆ ವರ್ಷ ಹೇಳಲೇ ಇಲ್ಲ.

ಬೀಜದ ಪಾಠ ಪ್ರತಿ ಸಲ ಹಾಳಾಗುತ್ತದೆ, ಏನು ಮಾಡಲಿ?

ಬಹುಶಃ ನೀರು ಜಾಸ್ತಿಯಾಗುತ್ತಿದೆ. ಮಕ್ಕಳು ಪ್ರೀತಿಯಿಂದ ಬಂದವರೆಲ್ಲ ಒಂದೊಂದು ಲೋಟ ಸುರಿಯುತ್ತಾರೆ. ಬೀಜಕ್ಕೆ ನೀರಿನ ಜೊತೆ ಗಾಳಿಯೂ ಬೇಕು, ಹದವಾದ ಬೆಚ್ಚಗೂ ಬೇಕು. ಪೂರ್ತಿ ಮುಳುಗಿಸಿಟ್ಟ ಬೀಜಕ್ಕೆ ಗಾಳಿ ಸಾಲದೆ ಕೊಳೆಯುತ್ತದೆ.

ಗಾಜಿನಂತೆ ಒಳಗೆ ಕಾಣುವ ಲೋಟ ತೆಗೆದುಕೊಳ್ಳಿ. ಒದ್ದೆ ಮಾಡಿ ಹಿಂಡಿದ ಕಾಗದವನ್ನು ಒಳಸುತ್ತಿಗೆ ಹಚ್ಚಿ, ಕಾಗದಕ್ಕೂ ಲೋಟಕ್ಕೂ ನಡುವೆ ರಾತ್ರಿ ನೆನೆಸಿದ ಬೀನ್ಸ್ ಬೀಜ ಸಿಕ್ಕಿಸಿ. ಒಂದು ಬೀಜ ನೆಟ್ಟಗೆ, ಒಂದು ತಲೆಕೆಳಗೆ, ಒಂದು ಅಡ್ಡಡ್ಡ. ಕೆಲವೇ ದಿನಗಳಲ್ಲಿ ಬೇರು ಇಣುಕುತ್ತದೆ, ಹೇಗೇ ಇಟ್ಟಿದ್ದರೂ ಬೇರು ಕೆಳಗೇ ತಿರುಗುತ್ತದೆ. ಮಣ್ಣಲ್ಲಿ ನೆಟ್ಟರೆ ಈ ತಿರುವು ಯಾರಿಗೂ ಕಾಣುವುದಿಲ್ಲ. ಒಂದು ವರ್ಷ ನನ್ನ ತರಗತಿಯಲ್ಲಿ ಒಬ್ಬಳು ಪುಟ್ಟ ಹುಡುಗಿ ಕುಂಡದಲ್ಲಿ ನೆಟ್ಟ ಬೀಜವನ್ನು ದಿನಾ ಬೆಳಗ್ಗೆ ಕೆದಕಿ ತೆಗೆದು, ನೋಡಿ, ಮತ್ತೆ ಹೂಳುತ್ತಿದ್ದಳು. ಅವಳ ಬೀಜ ಸತ್ತಿತು. ಅವಳ ಆಸೆ ಸರಿಯಾಗಿತ್ತು, ನೋಡಲು ದಾರಿ ಮಾಡಿಕೊಡದಿದ್ದದ್ದು ನಾನು. ಅಂದಿನಿಂದ ಲೋಟವೇ.

ಇನ್ನೂ ಎರಡು ಮಾತು. ಮಗುವಿಗೆ ಒಂದು ಬೀಜ ಅಂತ ಕೊಡಬೇಡಿ, ನಾಲ್ಕೈದು ಕೊಡಿ, ಎಲ್ಲ ಬೀಜವೂ ಮೊಳೆಯುವುದಿಲ್ಲ. ಮತ್ತೆ ಮೂರು ದಿನ ಬಿಟ್ಟು ನೀವೇ ಒಂದು ಹೆಚ್ಚಿನ ಲೋಟ ಹಾಕಿಡಿ, ತನ್ನದು ಕೊಳೆತು ಅಳುವ ಮಗುವಿಗೆ ಬೇಕಾಗುತ್ತದೆ.

ಬೀಜ ಮೊಳೆಯಲು ಬೆಳಕು ಬೇಕು ಅಂತ ಮಕ್ಕಳು ಗ್ಯಾರಂಟಿ ಹೇಳುತ್ತಾರೆ. ಒಂದು ಲೋಟ ಕಪಾಟಿನೊಳಗೆ ಇಟ್ಟು ನೋಡಿ. ಬೀನ್ಸ್ ಕತ್ತಲಲ್ಲೂ ಮೊಳೆಯುತ್ತದೆ, ಆದರೆ ಆಮೇಲೆ ಬೆಳೆಯುವ ಸಸಿ ಬಿಳಚಿಕೊಂಡು ಉದ್ದಕ್ಕೆ ಸೊರಗುತ್ತದೆ. ಮೊದಲಿಗೆ ಬೀಜದೊಳಗೇ ಬುತ್ತಿ ಇದೆ, ಬುತ್ತಿ ಖಾಲಿಯಾದ ಮೇಲೆ ಬೆಳಕು ಬೇಕು.

ಗಿಡ ಮಣ್ಣನ್ನು ತಿಂದು ದಪ್ಪವಾಗುತ್ತದೆ ಅನ್ನುವ ಮಗುವಿಗೆ ಏನು ಹೇಳಲಿ?

ಫಾನ್ ಹೆಲ್ಮಾಂಟ್ ಎಂಬಾತನ ಕಥೆ ಹೇಳಿ, ಮಕ್ಕಳಿಗೆ ತುಂಬಾ ಹಿಡಿಸುತ್ತದೆ. ಸುಮಾರು 400 ವರ್ಷದ ಹಿಂದೆ ಈತ 200 ಪೌಂಡ್ ಒಣಮಣ್ಣು ತೂಗಿ ಕುಂಡಕ್ಕೆ ಹಾಕಿ, 5 ಪೌಂಡ್ ತೂಕದ ವಿಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಮರ 169 ಪೌಂಡ್ ದಾಟಿತು. ಮಣ್ಣು ಕಡಿಮೆಯಾಗಿದ್ದು 2 ಔನ್ಸ್ ಅಷ್ಟೇ. ಹಾಗಾದರೆ ಮರ ಎಲ್ಲಿಂದ ಬಂತು? ಆತ ಎಲ್ಲಾ ನೀರಿಂದ ಅಂದುಕೊಂಡ. ಗಾಳಿಯಿಂದಲೂ ಅನ್ನುವುದು ಅವನಿಗೆ ಹೊಳೆಯಲಿಲ್ಲ. ದೊಡ್ಡ ವಿಜ್ಞಾನಿಯೂ ಅರ್ಧ ಸರಿ ಅರ್ಧ ತಪ್ಪು ಆಗಬಹುದು ಅಂತ ಕೇಳಿದಾಗ ಮಕ್ಕಳ ಮುಖ ನೋಡಬೇಕು.

ಚಂದ್ರನ ಪಾಠ ಹಗಲು ಹೊತ್ತಲ್ಲಿ ಹೇಗೆ ಮಾಡೋದು?

ಚಂದ್ರ ಹಗಲಲ್ಲೂ ಕಾಣುತ್ತಾನೆ, ನಾವು ನೋಡುವುದಿಲ್ಲ ಅಷ್ಟೇ. ಹುಣ್ಣಿಮೆ ಕಳೆದ ಮೇಲೆ ಸುಮಾರು ಒಂದು ವಾರ ಬೆಳಗಿನ ಹೊತ್ತು ಪಶ್ಚಿಮದ ಕಡೆ ನೋಡಿ. ಹುಣ್ಣಿಮೆಗೆ ಮುಂಚಿನ ವಾರ ಮಧ್ಯಾಹ್ನದ ಮೇಲೆ ಪೂರ್ವದ ಕಡೆ ನೋಡಿ. ಈ ಎರಡು ವಾರಗಳನ್ನು ವರ್ಷದ ಪ್ಲಾನ್‌ನಲ್ಲೇ ಗುರುತು ಹಾಕಿಕೊಳ್ಳಿ. ದಿನದಿಂದ ದಿನಕ್ಕೆ ಚಂದ್ರ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ, ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ನಿಂತು ನೋಡಿದರೆ ಅವನು ಸರಿಯುತ್ತಾ ಹೋಗಿದ್ದು ಮಕ್ಕಳಿಗೆ ತಾನಾಗಿ ಕಾಣುತ್ತದೆ. ಅಮಾವಾಸ್ಯೆಯ ಆಸುಪಾಸಿನ ದಿನಗಳನ್ನು ಬಿಟ್ಟುಬಿಡಿ, ಆಗ ಚಂದ್ರ ಸೂರ್ಯನ ಹತ್ತಿರವೇ ಇರುತ್ತಾನೆ, ಹುಡುಕಲು ಹೋದವರ ಕಣ್ಣು ಸೂರ್ಯನ ಮೇಲೆ ಬಿದ್ದೀತು.

ಎರಡು ತಿಂಗಳು ಹೀಗೆ ಚಿತ್ರ ಬರೆದಿಟ್ಟ ಮೇಲೆ ಕೋಣೆ ಕತ್ತಲು ಮಾಡಿ. ಒಂದು ಬಲ್ಬ್ ಸೂರ್ಯ, ಕಡ್ಡಿಗೆ ಚುಚ್ಚಿದ ಬಿಳಿ ಚೆಂಡು ಚಂದ್ರ, ಮಗುವಿನ ತಲೆಯೇ ಭೂಮಿ. ಚೆಂಡನ್ನು ತಲೆಗಿಂತ ಸ್ವಲ್ಪ ಮೇಲೆ ಹಿಡಿದು ತನ್ನ ಸುತ್ತ ತಾನೇ ನಿಧಾನವಾಗಿ ತಿರುಗಲಿ. ಬಿದಿಗೆ, ಅರ್ಧ, ಹುಣ್ಣಿಮೆ ಎಲ್ಲ ಕೈಯಲ್ಲೇ ಮೂಡುತ್ತವೆ. ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣಗಾಗುತ್ತಾನೆ ಅಂತ ಬಹಳ ದೊಡ್ಡವರೂ ನಂಬಿದ್ದಾರೆ, ಅದು ಗ್ರಹಣದ ವಿಷಯ. ಚೆಂಡಿನ ಅರ್ಧಕ್ಕೆ ಯಾವಾಗಲೂ ಬೆಳಕು ಬೀಳುತ್ತಿದೆ, ಆ ಬೆಳಕಿನ ಅರ್ಧದಲ್ಲಿ ನಮಗೆ ಎಷ್ಟು ಕಾಣುತ್ತದೆ ಅನ್ನುವುದು ಬದಲಾಗುತ್ತದೆ. ಇದನ್ನು ಮಾತಿನಲ್ಲಿ ಹೇಳಬೇಡಿ, ಚೆಂಡು ಕೈಗೆ ಕೊಡಿ.

ಋತುಗಳ ಪಾಠವನ್ನೂ ಹೀಗೇ ಮಾಡಬಹುದಾ?

ಈ ವಯಸ್ಸಿಗೆ ಕಾರಣ ಬೇಡ. ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವುದರಿಂದ ಋತು ಬರುತ್ತದೆ ಅನ್ನುವುದು ಎಂಟು ವರ್ಷದ ಮಗುವಿಗೆ ಉರು ಹೊಡೆಯುವ ಸಾಲು ಆಗುತ್ತದೆ. ಅದರ ಬದಲು ತಿಂಗಳಿಗೊಮ್ಮೆ, ಒಂದೇ ಹೊತ್ತಿಗೆ, ಒಂದೇ ಕೋಲಿನ ನೆರಳನ್ನು ಅಳೆದು ಆ ಉದ್ದಕ್ಕೆ ರಿಬ್ಬನ್ ಕತ್ತರಿಸಿ ಗೋಡೆಗೆ ಅಂಟಿಸಿ. ವರ್ಷದ ಕೊನೆಗೆ ಗೋಡೆಯ ಮೇಲೆ ರಿಬ್ಬನ್‌ಗಳ ಸಾಲು ಉದ್ದ ಗಿಡ್ಡ ಆಗುವುದು ಕಾಣುತ್ತದೆ. ಕಾರಣ ಎರಡು ಮೂರು ವರ್ಷ ಬಿಟ್ಟು ಬರಲಿ.

ಏನೇನು ಸಾಮಾನು ಬೇಕು?

ಕಡಿಮೆ. ಭೂತಗನ್ನಡಿ, ಟಾರ್ಚ್, ಅಳತೆ ಟೇಪು, ಪಾದರಸ ಇಲ್ಲದ ಥರ್ಮಾಮೀಟರ್, ದೊಡ್ಡ ಅಯಸ್ಕಾಂತ, ಕನ್ನಡಿ ಚೂರಿನ ಬದಲು ಅಂಚು ಕಟ್ಟಿದ ಚಿಕ್ಕ ಕನ್ನಡಿ, ಆಟದ ಜೇಡಿಮಣ್ಣು, ಲೋಟಗಳು, ದಾರ. ಮಳೆ ಅಳೆಯಲು ಬದಿ ನೇರವಾಗಿರುವ ಬಾಟಲಿ. ಹೊಸ ಕಿಟ್ ಕೊಳ್ಳುವ ಮುಂಚೆ ಒಂದು ವರ್ಷ ಇಷ್ಟರಲ್ಲೇ ನಡೆಸಿ ನೋಡಿ.

ನನಗೇ ವಿಜ್ಞಾನ ಅಷ್ಟಾಗಿ ಬರುವುದಿಲ್ಲ, ಮಕ್ಕಳು ಏನಾದರೂ ಕೇಳಿಬಿಟ್ಟರೆ?

ಕೇಳುತ್ತಾರೆ, ಕೇಳಲೇಬೇಕು. ‘ನನಗೂ ಗೊತ್ತಿಲ್ಲ, ಹೇಗೆ ತಿಳಿದುಕೊಳ್ಳೋಣ?’ ಅನ್ನಿ. ಈ ಮಾತು ಹೇಳಿದ ದಿನ ಮಕ್ಕಳ ಮುಂದೆ ನಿಮ್ಮ ಮರ್ಯಾದೆ ಕಡಿಮೆಯಾಗುವುದಿಲ್ಲ. ಪ್ರಶ್ನೆಯನ್ನು ಗೋಡೆಯ ಮೇಲೆ ಬರೆದು, ಕೆಳಗೆ ಕೇಳಿದವರ ಹೆಸರು ಹಾಕಿ. ಕೆಲವಕ್ಕೆ ಪ್ರಯೋಗದಲ್ಲಿ ಉತ್ತರ ಸಿಗುತ್ತದೆ, ಕೆಲವಕ್ಕೆ ಪುಸ್ತಕದಲ್ಲಿ, ಕೆಲವು ಹಾಗೇ ಉಳಿಯುತ್ತವೆ.

ಎಲ್ಲ ಬಲ್ಲವರಾಗಬೇಕಿಲ್ಲ, ಆದರೆ ನೀವು ಮಾಡಿಸುವ ಪ್ರಯೋಗವನ್ನು ಹಿಂದಿನ ದಿನ ನೀವೇ ಒಂದು ಸಲ ಮಾಡಿ ನೋಡಿರಬೇಕು. ಅದರಲ್ಲಿ ರಿಯಾಯಿತಿ ಇಲ್ಲ. ಮತ್ತೆ ಸಣ್ಣ ವಸ್ತುವೊಂದನ್ನು ಹಿಡಿದು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ವಿಜ್ಞಾನಿ ಮೈಕೆಲ್ ಫ್ಯಾರಡೆಯನ್ನು ನೆನಪಿಸಿಕೊಳ್ಳಿ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗೆಂದೇ ಆತ ಆರು ಉಪನ್ಯಾಸ ಕೊಟ್ಟದ್ದು ಬರೀ ಒಂದು ಮೇಣದ ಬತ್ತಿಯ ಮೇಲೆ.

ಪ್ರಶ್ನೆ ಕೇಳಿದರೆ ಇಬ್ಬರು ಮೂವರು ಮಾತ್ರ ಕೈ ಎತ್ತುತ್ತಾರೆ, ಉಳಿದವರು ಸುಮ್ಮನೆ ಕೂರುತ್ತಾರೆ.

ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತೀರಿ? ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಇದನ್ನೇ ಅಳೆದರು. ಟೀಚರ್‌ಗಳು ಸರಾಸರಿ ಕಾಯುವುದು ಒಂದೇ ಸೆಕೆಂಡ್! ಮೂರು ಸೆಕೆಂಡ್ ಅಥವಾ ಹೆಚ್ಚು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರ ತನಕ ಎಣಿಸಿ. ಮೊದಲ ವಾರ ಆ ಮೌನ ಕಷ್ಟ ಅನಿಸುತ್ತದೆ. ಉತ್ತರ ಬಂದ ಮೇಲೂ ‘ವೆರಿ ಗುಡ್’ ಅಂತ ತಕ್ಷಣ ಮುಚ್ಚಬೇಡಿ, ಇನ್ನೂ ಸ್ವಲ್ಪ ಕಾಯಿರಿ, ಮಗು ಮುಂದುವರಿಸುತ್ತದೆ.

ಮಗು ತಪ್ಪು ಹೇಳಿದರೆ ಅಲ್ಲೇ ತಿದ್ದಬೇಕಾ?

ಹೆಸರು ತಪ್ಪಿದ್ದರೆ ತಿದ್ದಿ. ಆಲೋಚನೆ ತಪ್ಪಿದ್ದರೆ ಅದಕ್ಕೊಂದು ಪ್ರಯೋಗ ಕೊಡಿ. ‘ಭಾರ ಇರೋದು ಮುಳುಗುತ್ತೆ, ಹಗುರ ಇರೋದು ತೇಲುತ್ತೆ’ ಅಂದ ಮಗುವಿಗೆ ಒಂದು ಗುಂಡುಸೂಜಿ ಮತ್ತು ದೊಡ್ಡ ಮರದ ತುಂಡು ಕೊಟ್ಟು ನೀರಿಗೆ ಬಿಡಲು ಹೇಳಿ. ಆಮೇಲೆ ಜೇಡಿಮಣ್ಣಿನ ಉಂಡೆ. ಉಂಡೆ ಮುಳುಗುತ್ತದೆ, ಅದೇ ಮಣ್ಣನ್ನು ತೆಳ್ಳಗೆ ಬಟ್ಟಲಿನ ಹಾಗೆ ತಟ್ಟಿದರೆ ತೇಲುತ್ತದೆ. ತೂಕ ಬದಲಾಯಿತಾ? ಇಲ್ಲ. ಮತ್ತೇನು? ಇಲ್ಲಿ ನಿಲ್ಲಿಸಿ, ಸಾಂದ್ರತೆಗೆ ಹೋಗಬೇಡಿ. ಅಯಸ್ಕಾಂತದಲ್ಲೂ ಹಾಗೇ, ಲೋಹ ಎಲ್ಲಾ ಅಂಟುತ್ತದೆ ಅನ್ನುವವರಿಗೆ ತಾಮ್ರದ ತಂತಿ, ಅಲ್ಯೂಮಿನಿಯಂ ತುಂಡು ಕೊಟ್ಟರೆ ಸಾಕು.

ಸರಿಯಾಗಿ ಓದು ಬರಹ ಬಾರದ ಮಕ್ಕಳು ನೋಟ್‌ಬುಕ್‌ನಲ್ಲಿ ಏನು ಬರೆಯುತ್ತಾರೆ?

ಚಿತ್ರ ಬಿಡಿಸುತ್ತಾರೆ. ಪ್ರತಿ ಚಿತ್ರಕ್ಕೆ ತಾರೀಖು, ಒಂದು ಅಳತೆ, ಒಂದು ಮಾತು, ಇಷ್ಟೇ ನಿಯಮ. ಮಾತನ್ನು ಮಗು ಹೇಳಿದರೆ ನೀವು ಬರೆದುಕೊಡಿ, ಅದು ಹೇಳಿದ ಹಾಗೇ ಬರೆಯಿರಿ, ನಿಮ್ಮ ಭಾಷೆಗೆ ತಿರುಗಿಸಬೇಡಿ. ಬೋರ್ಡ್‌ನಿಂದ ನಕಲು ಮಾಡಿಸಿದ ನೋಟ್‌ಬುಕ್ ಮೂವತ್ತು ಮಕ್ಕಳದ್ದೂ ಒಂದೇ ಥರ ಇರುತ್ತದೆ. ಮಕ್ಕಳು ಸ್ವಂತ ನೋಡಿ ಬರೆದಿದ್ದರೆ ಎರಡು ನೋಟ್‌ಬುಕ್ ಒಂದೇ ಥರ ಇರಲು ಸಾಧ್ಯವೇ ಇಲ್ಲ.

ಪರೀಕ್ಷೆ ಹೇಗೆ?

ಆ ನೋಟ್‌ಬುಕ್ ನೋಡಿ. ಮಗುವಿನ ಜೊತೆ ಐದು ನಿಮಿಷ ಕೂತು ಹೊಸ ವಸ್ತು ಒಂದನ್ನು ಕೊಟ್ಟು ‘ಇದು ತೇಲುತ್ತಾ? ಯಾಕೆ ಹಾಗೆ ಅನ್ನಿಸ್ತು?’ ಅಂತ ಕೇಳಿ. ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆಪತ್ರಿಕೆ ಕೊಡಲೇಬೇಕು ಅಂತ ಮೇಲಿನವರು ಹೇಳಿದರೆ ಕೊಡಿ, ಆದರೆ ಅದನ್ನೇ ನಂಬಬೇಡಿ.

ಹುಳ, ಮೀನು, ಚಿಟ್ಟೆ ತರಗತಿಯಲ್ಲಿ ಇಡಬಹುದಾ?

ಕಂಬಳಿಹುಳುವನ್ನು ಇಡಬಹುದು, ಆದರೆ ಮೈಮೇಲೆ ರೋಮ ಇರುವುದನ್ನು ಬೇಡ, ಕೆಲವು ತುರಿಕೆ ಹುಟ್ಟಿಸುತ್ತವೆ. ಯಾವ ಗಿಡದ ಮೇಲೆ ಸಿಕ್ಕಿತೋ ಅದೇ ಗಿಡದ ತಾಜಾ ಎಲೆ ದಿನಾ ಬೇಕು, ಬಹಳಷ್ಟು ಹುಳಗಳು ಬೇರೆ ಎಲೆ ಮುಟ್ಟುವುದೇ ಇಲ್ಲ. ಕೋಶ ಕಟ್ಟಿದ ಮೇಲೆ ಸಾಮಾನ್ಯವಾಗಿ ಒಂದೆರಡು ವಾರ, ಕೆಲವು ಜಾತಿಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಅದು ಉದ್ದ ರಜೆಯ ಮಧ್ಯೆ ಬೀಳದ ಹಾಗೆ ನೋಡಿಕೊಳ್ಳಿ. ಚಿಟ್ಟೆ ಹೊರಬಂದು ರೆಕ್ಕೆ ಒಣಗಿದ ಮೇಲೆ ಹುಳು ಸಿಕ್ಕಿದ ಜಾಗದಲ್ಲೇ ಬಿಟ್ಟು ಬನ್ನಿ.

ಮಾರಿಯಾ ಸಿಬಿಲ್ಲಾ ಮೆರಿಯನ್ ಬಗ್ಗೆ ಈ ಪಾಠದಲ್ಲಿ ಖಂಡಿತ ಹೇಳಿ. 1647ರಲ್ಲಿ ಹುಟ್ಟಿದ ಈಕೆ ಹದಿಮೂರನೇ ವಯಸ್ಸಿಗೆ ರೇಷ್ಮೆಹುಳ ಸಾಕಿ, ನೋಡಿದ್ದನ್ನೆಲ್ಲ ಚಿತ್ರ ಬಿಡಿಸಲು ಶುರು ಮಾಡಿದಳು. ಹುಳಗಳು ಕೆಸರಿಂದ ತಾವಾಗಿ ಹುಟ್ಟುತ್ತವೆ ಅಂತ ಬಹಳ ಜನ ನಂಬಿದ್ದ ಕಾಲ ಅದು. 1679ರಲ್ಲಿ ಆಕೆ ಹುಳ, ಕೋಶ, ಚಿಟ್ಟೆ, ತಿನ್ನುವ ಗಿಡ ಎಲ್ಲವನ್ನೂ ಒಂದೇ ಚಿತ್ರದಲ್ಲಿ ತೋರಿಸಿ ಪುಸ್ತಕ ಮಾಡಿದಳು. ನಿಮ್ಮ ತರಗತಿಯ ಮಕ್ಕಳು ಮಾಡುತ್ತಿರುವುದೂ ಅದೇ ಕೆಲಸ.

ಮೀನು, ಗೊದಮೊಟ್ಟೆ ಬೇಡ. ಅವು ಇರುವ ಕಡೆ ದೊಡ್ಡವರು ಜೊತೆಗಿದ್ದು ಹೋಗಿ ನೋಡಿ ಬರುವುದು ಮೇಲು.

ಯಾವುದನ್ನು ಮಾಡಲೇಬಾರದು?

ಸೂರ್ಯನನ್ನು ನೇರವಾಗಿ ನೋಡಬಾರದು, ಭೂತಗನ್ನಡಿ ಅಥವಾ ದುರ್ಬೀನಿನಲ್ಲಿ ಅಂತೂ ಕನಸಲ್ಲೂ ಬೇಡ. ಗೋಡೆಯ ಕರೆಂಟ್ ಮುಟ್ಟಬಾರದು, ಟಾರ್ಚ್ ಸೆಲ್ ಸಾಕು. ಗುಂಡಿಯಂಥ ಚಿಕ್ಕ ಬ್ಯಾಟರಿ ಮತ್ತು ಚಿಕ್ಕ ಶಕ್ತಿಶಾಲಿ ಅಯಸ್ಕಾಂತ ತರಗತಿಗೆ ತರಲೇಬೇಡಿ, ನುಂಗಿದರೆ ಜೀವಕ್ಕೇ ಅಪಾಯ. ಬೆಂಕಿ ಇರುವ ಪ್ರಯೋಗ ನೀವು ಮಾಡಿ, ಮಕ್ಕಳು ದೂರದಿಂದ ನೋಡಲಿ. ರುಚಿ ನೋಡುವ ಪಾಠ ಇದ್ದರೆ ಯಾರಿಗೆ ಯಾವ ಅಲರ್ಜಿ ಅಂತ ಮನೆಯವರನ್ನು ಮೊದಲೇ ಕೇಳಿ. ಮಣ್ಣು ಮುಟ್ಟಿದ ಮೇಲೆ ಸೋಪು.

ವಿಡಿಯೋ ತೋರಿಸಬಹುದಾ?

ಕಣ್ಣಿಗೆ ಕಾಣದ್ದಕ್ಕೆ, ಹೋಗಲಾಗದ ಜಾಗಕ್ಕೆ ತೋರಿಸಿ: ಜ್ವಾಲಾಮುಖಿ, ಸಮುದ್ರದ ತಳ. ಮೊಳಕೆಯ ವಿಡಿಯೋ ಬೇಡ, ಅದು ನಿಮ್ಮ ಕಿಟಕಿಯಲ್ಲೇ ಬರುತ್ತಿದೆ.

ಎರಡು ಮೂರು ವಯಸ್ಸಿನವರು ಒಟ್ಟಿಗೆ ಇದ್ದರೆ?

ವಿಷಯ ಒಂದೇ ಇರಲಿ, ಕೇಳುವ ಕೆಲಸ ಬೇರೆ ಮಾಡಿ. ಮೇಜಿನ ಅಂಚಿಗೆ ಸ್ಕೇಲ್ ಒತ್ತಿಹಿಡಿದು ಮೀಟುವ ಪ್ರಯೋಗ ತೆಗೆದುಕೊಳ್ಳಿ. ಆರರ ಮಗು ಸ್ಕೇಲ್ ನಡುಗುವಾಗ ಶಬ್ದ ಬರುತ್ತದೆ ಅಂತ ಕಂಡುಕೊಂಡರೆ ಸಾಕು. ಒಂಬತ್ತರ ಮಗು ಸ್ಕೇಲನ್ನು ಎಷ್ಟು ಸೆಂಟಿಮೀಟರ್ ಹೊರಗೆ ಬಿಟ್ಟರೆ ಶಬ್ದ ಹೇಗಾಗುತ್ತದೆ ಅಂತ ಪಟ್ಟಿ ಮಾಡಲಿ. ಉದ್ದ ಬಿಟ್ಟಷ್ಟೂ ಶಬ್ದ ಗಡಸಾಗುತ್ತದೆ, ಗಿಡ್ಡ ಮಾಡಿದಷ್ಟೂ ಕೀರಲಾಗುತ್ತದೆ.

ಅರ್ಧ ವರ್ಷ ಕಳೆದಿದೆ, ಎರಡೇ ವಿಷಯ ಮುಗಿದಿದೆ. ಏನನ್ನು ಬಿಡಲಿ?

ಉಳಿದ ವಿಷಯಗಳಲ್ಲಿ ಒಂದನ್ನು ಪೂರ್ತಿ ಬಿಡಿ. ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ಕತ್ತರಿಸಬೇಡಿ, ಹಾಗೆ ಮಾಡಿದರೆ ಎಲ್ಲದರಲ್ಲೂ ಕೈಯಲ್ಲಿ ಮಾಡುವ ಭಾಗವೇ ಹೋಗುತ್ತದೆ. ಬಿಡಬಹುದಾದದ್ದು ಯಾವುದು? ಮುಂದಿನ ತರಗತಿಗಳಲ್ಲಿ ಮತ್ತೆ ಬಂದೇ ಬರುವಂಥದ್ದು. ಸೌರಮಂಡಲದ ಗ್ರಹಗಳ ಹೆಸರು, ಮೂಳೆಗಳ ಹೆಸರು, ಇವು ಕಾಯುತ್ತವೆ. ದಿನದ ಐದು ನಿಮಿಷ ಮತ್ತು ಮರವನ್ನು ಮಾತ್ರ ಬಿಡಬೇಡಿ.

ಕೊನೆಯ ತಿಂಗಳಲ್ಲಿ ಏನು ಮಾಡಿಸಲಿ?

ಹೊಸ ಪಾಠ ಬೇಡ. ಮೊದಲ ತಿಂಗಳು ಹೂತಿಟ್ಟಿದ್ದನ್ನು ಅಗೆಯಿರಿ. ನಾವು ಪ್ರತಿ ಸಲ ಒಂದು ಎಲೆ, ಒಂದು ಕಾಗದ, ಹತ್ತಿ ಬಟ್ಟೆಯ ಚೂರು, ಪ್ಲಾಸ್ಟಿಕ್ ಚೀಲದ ಚೂರು, ಒಂದು ಕಬ್ಬಿಣದ ಮೊಳೆ ಹೂಳುತ್ತೇವೆ, ಮೇಲೆ ಗುರುತಿನ ಕಲ್ಲು ಇಡುತ್ತೇವೆ. ತೆಗೆದಾಗ ಎಲೆಯ ಜಾಗದಲ್ಲಿ ನರದ ಬಲೆ ಉಳಿದಿದ್ದರೆ ಹೆಚ್ಚು, ಮೊಳೆ ತುಕ್ಕು ಹಿಡಿದಿರುತ್ತದೆ, ಪ್ಲಾಸ್ಟಿಕ್ ತೊಳೆದರೆ ಮೇಲಿನ ಅಕ್ಷರ ಕೂಡ ಓದಬಹುದು. ಇದನ್ನು ನೋಡಿದ ಮಕ್ಕಳಿಗೆ ಕಸದ ಬಗ್ಗೆ ಭಾಷಣ ಬೇಕಾಗುವುದಿಲ್ಲ.

ಆಮೇಲೆ ಮರದ ಮೊದಲ ಚಿತ್ರವನ್ನು ಕೊನೆಯ ಚಿತ್ರದ ಪಕ್ಕ ಇಟ್ಟು ನೋಡಲು ಕೊಡಿ. ಕಳೆದ ಸಲ ಒಬ್ಬ ಹುಡುಗನ ಮೊದಲ ಚಿತ್ರದಲ್ಲಿ ಕಂದು ಕಂಬ, ಅದರ ಮೇಲೊಂದು ಹಸಿರು ಮೋಡ ಇತ್ತು. ಕೊನೆಯದರಲ್ಲಿ ಮುರಿದ ಕೊಂಬೆಯ ಗಾಯ ಇತ್ತು, ತೊಗಟೆಯ ಬಿರುಕಲ್ಲಿ ಹೋಗುವ ಇರುವೆ ಸಾಲು ಇತ್ತು, ಪ್ರತಿ ಇರುವೆಗೂ ಆರು ಕಾಲು. ಎರಡನ್ನೂ ನೋಡಿ, ‘ಮೊದಲು ಇರುವೆ ಇರಲಿಲ್ಲ’ ಅಂದ. ಪಕ್ಕದವಳು, ‘ಇದ್ವು, ನೀನು ನೋಡಿರಲಿಲ್ಲ’ ಅಂದಳು.

ಹವೆಯ ಚಾರ್ಟು, ನೆರಳಿನ ರಿಬ್ಬನ್ನು, ಮರ ಚಿಗುರಿದ ತಾರೀಖು, ಇವನ್ನು ರಜೆಗೆ ಮುಂಚೆ ಗೋಡೆಯಿಂದ ಕಿತ್ತು ಬಿಸಾಡಬೇಡಿ. ತಾರೀಖು ಕಾಣುವ ಹಾಗೆ ಸುತ್ತಿ ಕಪಾಟಿನಲ್ಲಿಡಿ. ಹೊಸ ಮಕ್ಕಳು ಬಂದಾಗ, ಹಿಂದಿನ ವರ್ಷ ಇದೇ ಮರ ಯಾವಾಗ ಚಿಗುರಿತ್ತು ಅಂತ ಅವರಿಗೆ ಮೊದಲ ದಿನವೇ ಗೊತ್ತಿರುತ್ತದೆ.